ಯಾರೂ ತೋರಿಸದ ಮಿದುಳು

ನನ್ನ ನಾದಿನಿ ಮಹಾನಂದಾ ತನ್ನ ಖಾನಾವಳಿಯ ಒದ್ದೆ ನೆಲದ ಮೇಲೆ ಜಾರಿ ಬಿದ್ದಳು. ಬಿದ್ದವಳು ಎದ್ದು, ನೆಲ ಒರೆಸದೆ ಬಿಟ್ಟವಳನ್ನು ಮನಸಾರೆ ಬೈದು, ಮಧ್ಯಾಹ್ನದ ಗಿರಾಕಿಗಳಿಗೆಲ್ಲ ರೊಟ್ಟಿ ಎಣಗಾಯಿ ಬಡಿಸಿಯೇ ಮನೆಗೆ ಬಂದಳು. ತಲೆಯ ಮೇಲೊಂದು ಬುಗುಟು, ಅಷ್ಟೇ. ಆದರೆ ನಮ್ಮವರು ಬಿಡಬೇಕಲ್ಲ. ಇರುವವಳು ಒಬ್ಬಳೇ ತಂಗಿ, ಗಂಡನನ್ನು ಕಳಕೊಂಡವಳು, ಪಕ್ಕದ ಮನೆಯಲ್ಲೇ ಇರುವವಳು. ಹೆಂಡತಿ ತಲೆಯ ಸ್ಕ್ಯಾನು ಓದುವ ಡಾಕ್ಟರಾಗಿದ್ದೂ ತಂಗಿಗೆ ಒಂದು ಸ್ಕ್ಯಾನು ಇಲ್ಲವೆಂದರೆ ಹೇಗೆ ಎಂದು ನನ್ನ ತಲೆ ತಿಂದರು. ಪೀಡೆ ತಪ್ಪಲಿ ಎಂದು ನಾನೇ ಹುಬ್ಬಳ್ಳಿಯ ನಮ್ಮ ಆಸ್ಪತ್ರೆಗೆ ಕರೆದೊಯ್ದು ಮಷಿನ್ನಿನೊಳಗೆ ಮಲಗಿಸಿದೆ. ಆ ಕೊಳವೆಯೊಳಗೂ ಅವಳ ಮಾತು ನಿಲ್ಲಲಿಲ್ಲ. ಬಾಯಿ ಮುಚ್ಚಿಕೊಂಡು ಅಲುಗಾಡದೆ ಮಲಗಬೇಕೆಂದು ಟೆಕ್ನಿಷಿಯನ್ ಮತ್ತೆ ಮತ್ತೆ ಮೈಕಿನಲ್ಲಿ ಗದರಬೇಕಾಯಿತು.

ಚಿತ್ರ ಪರದೆಯ ಮೇಲೆ ಬಂತು. ನಾನು ಚಹಾ ಕುಡಿಯುತ್ತ, ಉದಾಸೀನದಿಂದಲೇ ಒಂದೊಂದು ಪದರು ಸರಿಸುತ್ತಿದ್ದೆ. ಎಡಗಡೆ, ಮಾತು ಹುಟ್ಟುವ ಜಾಗದ ಬುಡಕ್ಕೆ ಬರುವಷ್ಟರಲ್ಲಿ ಕಣ್ಣು ನಿಂತುಬಿಟ್ಟಿತು. ಸಾಬೂದಾನಿ, ಅಂದರೆ ಸಬ್ಬಕ್ಕಿ, ಕಾಳಿನಂಥ ಸಣ್ಣ ಸಣ್ಣ ಗುಳ್ಳೆಗಳ ಗೊಂಚಲು, ಅದರ ಸುತ್ತ ತೆಳುವಾದ ಮಬ್ಬು. ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ. ಹೆಸರು ತಾನಾಗಿಯೇ ಬಾಯಿಗೆ ಬಂತು.

ಚಿತ್ರ ಓದುವ ಡಾಕ್ಟರುಗಳಿಗೆ ಒಂದು ಚಾಳಿ ಇದೆ. ಕಂಡದ್ದಕ್ಕೆಲ್ಲ ತಿನ್ನುವ ಪದಾರ್ಥದ ಹೆಸರಿಡುತ್ತೇವೆ. ಒಂದು ಕಾಯಿಲೆ ನಮಗೆ ಈರುಳ್ಳಿ, ಇನ್ನೊಂದು ಬಾಳೆಹಣ್ಣು. ಈ ಗಡ್ಡೆಗೆ ನಮ್ಮ ಗುಂಪಿನವರು ಇಟ್ಟ ಹೆಸರು ಸಾಬೂದಾನಿ. ಲಕ್ಷದಲ್ಲಿ ಒಬ್ಬರಿಗೂ ಬರುವುದು ಅಪರೂಪ. ಬಂದರೆ ಕೆಲವೇ ತಿಂಗಳಲ್ಲಿ ಊದಿಕೊಂಡು ಜೀವ ತೆಗೆಯುತ್ತದೆ. ಬೇಗ ಕಂಡು ಬುಡಸಹಿತ ಕತ್ತರಿಸಿ ತೆಗೆದರೆ ಮಾತ್ರ ಉಳಿವು. ಮಹಾನಂದಾಳ ತಲೆಯಲ್ಲಿ ಅದನ್ನು ಬುಡಸಹಿತ ತೆಗೆದರೆ ಜೊತೆಗೆ ಅವಳ ಮಾತೂ ಹೋಗಿಬಿಡುವ ಸಂಭವ ಬಹಳವಿತ್ತು.

ಇಂಥದ್ದನ್ನು ನಾನು ಒಂದು ನೋಟಕ್ಕೆ ಗುರುತು ಹಿಡಿದದ್ದು ಹೇಗೆಂದು ಹೇಳಬೇಕು. ಹಿಂದೆ ನಮ್ಮದೊಂದು ಶನಿವಾರದ ಸಭೆ ಇತ್ತು. ರಾಯಚೂರು, ಬೆಳಗಾವಿ, ಕಲಬುರಗಿ, ಮಂಗಳೂರು, ಬೆಂಗಳೂರು, ಎಲ್ಲೆಲ್ಲಿ ಮಿದುಳಿನ ಚಿತ್ರ ಓದುವವರಿದ್ದೇವೋ ಅವರೆಲ್ಲ ವಾರಕ್ಕೊಮ್ಮೆ ಪರದೆಯ ಮೇಲೆ ಸೇರುತ್ತಿದ್ದೆವು. ಯಾರಿಗಾದರೂ ವಿಚಿತ್ರವಾದ ಕೇಸು ಸಿಕ್ಕರೆ ಅದನ್ನು ತರಬೇಕು. ರೋಗಿಯ ಹೆಸರಿಲ್ಲ, ವಯಸ್ಸಿಲ್ಲ, ಉತ್ತರವೂ ಇಲ್ಲ, ಬರೀ ಚಿತ್ರ. ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಬಾಯಿ ಬಿಡಬೇಕು, ಹಿರಿಯರು ಕೊನೆಗೆ. ದೊಡ್ಡವರು ಮೊದಲೇ ಹೇಳಿಬಿಟ್ಟರೆ ಚಿಕ್ಕವರ ಕಣ್ಣಿಗೂ ಅದೇ ಕಾಣುತ್ತದೆ ಎಂಬ ಕಾರಣಕ್ಕೆ ಈ ಕಟ್ಟಳೆ. ಧಾರವಾಡದ ವಾದಿರಾಜ ಕಟ್ಟಿ ಸರ್ ನಮಗೆಲ್ಲ ಗುರು. ಅವರು ಕೊನೆಯವರೆಗೆ ತುಟಿ ಎರಡು ಮಾಡದೆ ಕೂತಿರುತ್ತಿದ್ದರು. ನಾವು ಜಗಳಾಡುತ್ತಿದ್ದೆವು, ಸೋಲುತ್ತಿದ್ದೆವು, ಹಾಗೆಯೇ ಕಲಿಯುತ್ತಿದ್ದೆವು.

ಆಮೇಲೆ ಕೂಡುನೋಟ ಬಂತು. ಅದು ಹಣೆಗೆ ಕಟ್ಟುವ ಒಂದು ಪಟ್ಟಿ, ಕಣ್ಣಿಗೆ ಒಂದು ಕನ್ನಡಕ. ಪಳಗಿದ ಕಣ್ಣು ಚಿತ್ರದಲ್ಲಿ ಕೆಟ್ಟದ್ದನ್ನು ಕಂಡಾಗ, ಮನಸ್ಸಿಗೆ ಅದರ ಹೆಸರು ಹೊಳೆಯುವುದಕ್ಕಿಂತ ಮುಂಚೆಯೇ, ಮಿದುಳಿನಲ್ಲಿ ಸಣ್ಣದೊಂದು ಕಂಪನ ಏಳುತ್ತದೆ. ಕಣ್ಣು ಎಲ್ಲಿ ನಿಂತಿತು, ಕಂಪನ ಎಲ್ಲಿ ಎದ್ದಿತು ಎಂಬೆರಡನ್ನೂ ಆ ಸಲಕರಣೆ ಹಿಡಿದಿಡುತ್ತದೆ. ಇನ್ನೊಬ್ಬರು ಅದೇ ಚಿತ್ರ ನೋಡುವಾಗ ಅವರ ಪಟ್ಟಿ ಅವರ ಮಿದುಳಿನಲ್ಲೂ ಅದೇ ಕಂಪನ ಎಬ್ಬಿಸುತ್ತದೆ. ನಾಲ್ಕಾರು ಸಲ ಹೀಗಾದರೆ ಕಣ್ಣು ಕಲಿತುಬಿಡುತ್ತದೆ. ಮುಂದೆ ಪಟ್ಟಿ ಬೇಕಾಗುವುದಿಲ್ಲ. ಮೂವತ್ತು ವರ್ಷ ಕೂತು ಕಲಿಯಬೇಕಾದ್ದನ್ನು ನಾವು ಒಂದು ಮಧ್ಯಾಹ್ನದಲ್ಲಿ ಕಲಿತೆವು. ಕಟ್ಟಿ ಸರ್ ಅವರ ಕಣ್ಣು ಈಗ ರಾಜ್ಯದ ತುಂಬ ಇತ್ತು. ಹಳ್ಳಿಗಾಡಿನಿಂದ ಬಂದವರ ಅಪರೂಪದ ಕಾಯಿಲೆಗಳನ್ನು ಸಣ್ಣ ಊರಿನ ಡಾಕ್ಟರುಗಳೂ ಹಿಡಿಯತೊಡಗಿದರು. ಎಷ್ಟೋ ಜೀವ ಉಳಿದವು, ಅದನ್ನು ಇಲ್ಲವೆನ್ನಲಾರೆ. ಶನಿವಾರದ ಸಭೆ ಹೆಸರಿಗೆ ಉಳಿಯಿತು. ಎಲ್ಲರಿಗೂ ಒಂದೇ ಕಾಣುವಾಗ ಯಾರು ಮೊದಲು ಮಾತಾಡಿದರೇನು ಎಂದು ಕಿರಿಯರು ಹಿರಿಯರು ಎಂಬ ಸರದಿಯನ್ನೂ ಬಿಟ್ಟೆವು.

ಮಹಾನಂದಾಳ ಚಿತ್ರವನ್ನು ಹೆಸರು ತೆಗೆದು ಗುಂಪಿಗೆ ಹಾಕಿದೆ. ನನ್ನ ಚಹಾ ಆರುವುದರೊಳಗೆ ಎಲ್ಲರ ಉತ್ತರ ಬಂದಿತ್ತು. ಸಾಬೂದಾನಿ, ಎಲ್ಲರದೂ ಅದೇ. ಕಟ್ಟಿ ಸರ್ ಮಾತ್ರ ಫೋನ್ ಮಾಡಿದರು. ತಡ ಮಾಡಬೇಡ, ರೋಗಿಯ ಕಡೆಯವರನ್ನು ಇವತ್ತೇ ಕರೆದು ಹೇಳು ಎಂದರು. ರೋಗಿಯ ಕಡೆಯವಳು ನಾನೇ, ಆಕೆ ನನ್ನ ನಾದಿನಿ ಎಂದೆ.

ಮನೆಯಲ್ಲಿ ಹೇಳಿದ್ದು ಹೇಗೋ ನನಗೇ ಸರಿಯಾಗಿ ನೆನಪಿಲ್ಲ. ನಮ್ಮವರು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು. ಸ್ಕ್ಯಾನು ಮಾಡಿಸೆಂದು ಗಂಟುಬಿದ್ದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಅದನ್ನೇ ಮತ್ತೆ ಮತ್ತೆ ಕೇಳಿದರು. ಮಹಾನಂದಾ ಮಾತ್ರ ಕೈಯಲ್ಲಿದ್ದ ಮೆಂತ್ಯೆ ಸೊಪ್ಪು ಬಿಡಿಸುತ್ತಲೇ ಇದ್ದಳು. ಆಪರೇಷನ್ ಮಾಡಿದರೆ ಬದುಕುತ್ತೀನಾ ಎಂದು ಕೇಳಿದಳು. ಬದುಕುತ್ತೀ ಎಂದೆ. ಮಾತಿನ ವಿಷಯವನ್ನು ನುಂಗಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ. ಹೇಳಿದೆ.

ಆಗ ಅವಳ ಕೈ ನಿಂತಿತು. "ಮಾತು ಹೋದ್ರ ನಾ ಖಾನಾವಳಿ ಹೆಂಗ ನಡಸ್ಲಿ ವೈನಿ? ಅಲ್ಲಿ ನನ್ನ ಬಾಯಿ ಬಿಟ್ರ ಬ್ಯಾರೆ ಏನೈತಿ?"

ತಮಾಷೆಗೆ ಹೇಳಿದ ಮಾತಲ್ಲ ಅದು. ಇಪ್ಪತ್ತು ಮಂದಿ ಒಟ್ಟಿಗೆ ಕೂತು ಉಣ್ಣುವಾಗ ಯಾರಿಗೆ ಪಲ್ಯ ಬೇಕು, ಯಾರ ತಟ್ಟೆಯಲ್ಲಿ ರೊಟ್ಟಿ ಮುಗಿಯಿತು, ಯಾರು ನಿನ್ನೆ ಬರಲಿಲ್ಲ, ಎಲ್ಲವನ್ನೂ ಅವಳು ಬಾಯಿಂದಲೇ ನಡೆಸುತ್ತಿದ್ದಳು. ಗಂಡ ಸತ್ತ ಮೇಲೆ ಅವಳನ್ನು ನಿಲ್ಲಿಸಿದ್ದು ಆ ಗದ್ದಲವೇ. ಅವಳ ವಟವಟಕ್ಕೆ ಅತ್ತಿಗೆಯಾದ ನಾನು ಎಷ್ಟು ಸಲ ಬಾಗಿಲು ಹಾಕಿಕೊಂಡಿದ್ದೇನೋ ಲೆಕ್ಕವಿಲ್ಲ. ಆ ಹೊತ್ತು ಮಾತ್ರ ಅವಳು ಸುಮ್ಮನೆ ಕೂತದ್ದನ್ನು ನನಗೆ ನೋಡಲಾಗಲಿಲ್ಲ. ಎದ್ದು ಒಳಗೆ ಹೋಗಿ ಅತ್ತೆ.

ಸರ್ಜನ್ ಪಾಲನಕರ ಮುಂದಿನ ವಾರಕ್ಕೆ ದಿನ ಕೊಟ್ಟರು. ಸೂಜಿ ಹಾಕಿ ಒಂದು ಚೂರು ತೆಗೆದು ಮೊದಲು ಪರೀಕ್ಷೆ ಮಾಡೋಣವೇ ಎಂದು ಕೇಳಿದೆ. ಆ ಜಾಗದಲ್ಲಿ ಸೂಜಿಯೂ ಒಂದೇ, ಕತ್ತಿಯೂ ಒಂದೇ. ರಕ್ತ ಒಸರಿದರೆ ಮಾತು ಹೇಗೂ ಹೋಗುತ್ತದೆ ಎಂದರು. ಅದೂ ಸರಿಯೇ ಇತ್ತು.

ಮರುದಿನ ರಾಯಚೂರಿನ ಅಫ್ರೀನ್ ಮುಲ್ಲಾ ಫೋನ್ ಮಾಡಿದಳು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಕೆಲಸಕ್ಕೆ ಸೇರಿದಾಗಿನಿಂದ ಕೂಡುನೋಟದಲ್ಲೇ ಕಲಿತವಳು. ಹಾಳುಮೂಳು ಮಾತಾಡಿ ಮಾತಾಡಿ ಕೊನೆಗೆ ವಿಷಯಕ್ಕೆ ಬಂದಳು. ಎರಡು ತಿಂಗಳ ಹಿಂದೆ ಅವಳಲ್ಲಿಗೂ ಒಂದು ಸಾಬೂದಾನಿ ಬಂದಿತ್ತು. ಹತ್ತಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಮನುಷ್ಯ. ಅದೂ ಎಡಗಡೆಯೇ. ಆ ಚಿತ್ರ ಗುಂಪಿಗೆ ಬಂದಾಗ ನಾನೂ ಹೌದೆಂದಿದ್ದೆ. ಆಪರೇಷನ್ ಆಯಿತು. ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲಿ ಗಡ್ಡೆಯ ಸುಳಿವೇ ಇಲ್ಲ, ಮಾಮೂಲಿ ಮಿದುಳು ಎಂದು ವರದಿ ಬಂತು. ಚೂರು ತಪ್ಪು ಜಾಗದಿಂದ ಬಂದಿರಬೇಕೆಂದು ನಾವೆಲ್ಲ ತೀರ್ಮಾನಿಸಿ ಕೈತೊಳೆದುಕೊಂಡಿದ್ದೆವು. ಚಿತ್ರದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವಾಗ ಚೂರಿನ ಮಾತನ್ನು ಯಾರು ನಂಬುತ್ತಾರೆ.

"ಮೇಡಂ, ಆತ ನಿನ್ನೆ ತೋರ್ಸ್ಲಿಕ್ಕೆ ಬಂದಿದ್ದ," ಎಂದಳು ಅಫ್ರೀನ್. "ಹೆಸರು ಕೇಳಿದ್ರೆ ಬಾಯಿ ಬಿಡ್ತಾನೆ, ಶಬ್ದ ಬರೋದಿಲ್ಲ. ನಿಮ್ಮ ನಾದಿನೀದು ಅಂತ ಕಟ್ಟಿ ಸರ್ ಆಮೇಲೆ ಹೇಳಿದ್ರಲ್ಲ, ಆ ಚಿತ್ರಕ್ಕೂ ಹೌದು ಅಂತ ಹಾಕ್ದೆ ನಾನು. ಹಾಕಿದ್ಮೇಲೆ ನಿದ್ದೀನೇ ಬಂದಿಲ್ಲ."

ಫೋನಿಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಕ್ಯಾನು ವಿಭಾಗದ ಓಣಿಯಲ್ಲಿ ಶತಪಥ ತುಳಿದೆ. ಆ ಮನುಷ್ಯನ ಚಿತ್ರವನ್ನೂ ಮಹಾನಂದಾಳ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಕಣ್ಣು ಅದೇ ರೀತಿ ನಿಂತಿತು. ಆಮೇಲೆ ಬೇಕೆಂದೇ ಬೇರೆ ಯಾವುದೋ ತಲೆನೋವಿನವರ ಚಿತ್ರ ತೆಗೆದೆ. ಅಲ್ಲೂ ಒಂದು ಕಡೆ ಕಣ್ಣು ತಡೆಯಿತು. ಇನ್ನೊಂದು ತೆಗೆದೆ. ಅಲ್ಲಿ ಬೇರೆ ಜಾಗದಲ್ಲಿ, ಬೇರೆ ಹೆಸರಿನಿಂದ. ಪ್ರತಿಯೊಬ್ಬರ ತಲೆಯಲ್ಲೂ ನನಗೆ ಏನಾದರೊಂದು ಕಾಣುತ್ತಿತ್ತು. ಇದು ಯಾವಾಗಿನಿಂದ ಹೀಗೆ?

ಆಗ ತಲೆಗೆ ಬಂದ ಮಾತು ಎಷ್ಟು ಸರಳವೆಂದರೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಇಷ್ಟು ವರ್ಷ ನಾವು ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದೆಲ್ಲ ವಿಚಿತ್ರ ಕೇಸುಗಳು. ಶನಿವಾರದ ಸಭೆಗೆ ಆರೋಗ್ಯವಾಗಿರುವ ಒಂದು ಮಿದುಳನ್ನು ಯಾರಾದರೂ ತಂದಿದ್ದರೇ? ತಂದರೆ ನಕ್ಕುಬಿಡುತ್ತಿದ್ದೆವು. ಏನೂ ಇಲ್ಲದ ಚಿತ್ರ ತೋರಿಸುವುದಕ್ಕೆ ಸಭೆಯೇ ಬೇಕೇ ಎಂದು ಕಟ್ಟಿ ಸರ್ ಗದರುತ್ತಿದ್ದರು. ಮೊದಲು ಅದರಿಂದ ತೊಂದರೆ ಇರಲಿಲ್ಲ. ದಿನವಿಡೀ ಮಾಮೂಲಿ ತಲೆಗಳನ್ನು ನೋಡಿ ಬೇಸತ್ತ ಕಣ್ಣಿಗೆ ವಾರಕ್ಕೊಂದು ವಿಚಿತ್ರ ಒಗ್ಗುತ್ತಿತ್ತು. ಕೂಡುನೋಟ ಬಂದ ಮೇಲೆ ನೂರಾರು ವಿಚಿತ್ರಗಳು, ಹತ್ತಾರು ಗುರುಗಳ ಗಾಬರಿಯ ಸಮೇತ, ನೇರವಾಗಿ ಮಿದುಳಿಗೆ ಇಳಿದಿದ್ದವು. ಮಾಮೂಲಿಯನ್ನು ನೋಡಿದಾಗ ಹುಟ್ಟುವ ನೆಮ್ಮದಿಯನ್ನು ಮಾತ್ರ ಯಾರೂ ಯಾರಿಗೂ ಕೊಟ್ಟಿರಲಿಲ್ಲ.

ಎಲ್ಲರ ಮಿದುಳಿನಲ್ಲೂ ರಕ್ತನಾಳಗಳ ಸುತ್ತ ನೀರು ತುಂಬಿದ ಸಣ್ಣ ಸಂದುಗಳಿರುತ್ತವೆ. ಕೆಲವರಲ್ಲಿ ಅವು ಹುಟ್ಟಿನಿಂದಲೇ ಅಗಲ. ಚಿತ್ರದಲ್ಲಿ ಅವೂ ಗುಳ್ಳೆಗಳ ಗೊಂಚಲಿನಂತೆಯೇ ಕಾಣುತ್ತವೆ, ವಯಸ್ಸಾದಂತೆ ಸುತ್ತ ಸ್ವಲ್ಪ ಮಬ್ಬೂ ಬರುವುದುಂಟು. ಅವುಗಳಿಂದ ಯಾವ ತೊಂದರೆಯೂ ಇಲ್ಲ. ಓದುವ ಕಾಲದಲ್ಲಿ ನಮಗೆ ಕಲಿಸಿದ್ದೇ ಅದು: ಇದನ್ನು ಮುಟ್ಟಬೇಡಿ, ಇದ್ದ ಹಾಗೆ ಬಿಟ್ಟುಬಿಡಿ. ಬಿಟ್ಟುಬಿಡುವುದು ನಮಗೆ ಮರೆತುಹೋಗಿತ್ತು.

ಆದರೆ ಅನುಮಾನದಿಂದ ಏನೂ ಬಗೆಹರಿಯುವುದಿಲ್ಲ. ಮಹಾನಂದಾಳ ಹಳೆಯ ಚಿತ್ರವೊಂದು ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು. ಗಡ್ಡೆಯಾದರೆ ಬೆಳೆಯುತ್ತದೆ, ಹುಟ್ಟಿದ ಸಂದಾದರೆ ಇದ್ದ ಹಾಗೇ ಇರುತ್ತದೆ. ಅವಳದು ಇರಲಿಲ್ಲ. ನನ್ನದಿತ್ತು. ಆಸ್ಪತ್ರೆಗೆ ಈ ದೊಡ್ಡ ಮಷಿನ್ ಬಂದ ಹೊಸತರಲ್ಲಿ, ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ನಾವು ಸಿಬ್ಬಂದಿಯವರೇ ಒಬ್ಬೊಬ್ಬರಾಗಿ ಒಳಗೆ ಮಲಗಿದ್ದೆವು. ಅದನ್ನು ಹುಡುಕಿಸಿ ತೆಗೆದೆ.

ನನ್ನ ತಲೆಯಲ್ಲೂ ಸಾಬೂದಾನಿ ಇತ್ತು. ಬಲಗಡೆ, ಎರಡು ಗೊಂಚಲು. ನನ್ನದೇ ಹಳೆಯ ಚಿತ್ರ, ಅದನ್ನು ತೆಗೆದ ಮೇಲೆ ಎಷ್ಟೋ ದೀಪಾವಳಿ ಉಂಡಿದ್ದೇನೆ ಎಂದು ಗೊತ್ತಿದ್ದರೂ ಕಣ್ಣು ಅಲ್ಲಿಂದ ಕದಲಲಿಲ್ಲ. ಊಟದ ಹೊತ್ತಿನಲ್ಲಿ ಮಷಿನ್ ಖಾಲಿಯಿದ್ದಾಗ ಟೆಕ್ನಿಷಿಯನ್‌ಗೆ ಹೇಳಿ ಮತ್ತೆ ಮಲಗಿದೆ. ಹೊಸ ಚಿತ್ರವನ್ನು ಹಳೆಯದರ ಮೇಲಿಟ್ಟು ಕಂಪ್ಯೂಟರಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿಸಿದೆ. ಹಾಗೆ ಕಳೆದಾಗ ಬದಲಾದದ್ದು ಮಾತ್ರ ಬೆಳ್ಳಗೆ ಉಳಿಯುತ್ತದೆ, ಮಿಕ್ಕದ್ದೆಲ್ಲ ಕಪ್ಪಾಗುತ್ತದೆ. ಗೊಂಚಲುಗಳ ಜಾಗದಲ್ಲಿ ಬರೀ ಕಪ್ಪು. ನನ್ನ ಕಣ್ಣು ಸುಳ್ಳು ಹೇಳುತ್ತಿದೆ ಎಂಬುದಕ್ಕೆ ನನಗಿನ್ನು ಸಾಕ್ಷಿ ಬೇಕಿರಲಿಲ್ಲ.

ಶನಿವಾರ ಸಭೆ ಸೇರಿತು. ನನ್ನದೊಂದು ಕೇಸಿದೆ ಎಂದೆ. ಹಳೆಯ ಚಿತ್ರವನ್ನು ಹೆಸರಿಲ್ಲದೆ, ವಯಸ್ಸಿಲ್ಲದೆ ಹಾಕಿದೆ. ಮೊದಲಿನ ಹಾಗೆ ಕಿರಿಯರಿಂದಲೇ ಶುರುಮಾಡೋಣ ಎಂದು ಕೇಳಿಕೊಂಡೆ. ಇದೇನಿದು ಹಳೇ ಪದ್ಧತಿ ಎಂದು ಬೆಳಗಾವಿಯವರು ನಗೆಯಾಡಿದರು. ಅಫ್ರೀನ್ ಬಹಳ ಹೊತ್ತು ನೋಡಿ, ಸಣ್ಣ ದನಿಯಲ್ಲಿ ಸಾಬೂದಾನಿ ಎಂದಳು. ಅವಳಿಂದ ಮೇಲಕ್ಕೆ ಒಬ್ಬರಾದ ಮೇಲೊಬ್ಬರು ಅದನ್ನೇ ಅಂದರು. ಒಬ್ಬರಂತೂ ಎರಡು ಗೊಂಚಲಿರುವುದರಿಂದ ಆಪರೇಷನ್‌ಗೂ ಕಷ್ಟ, ಮನೆಯವರನ್ನು ಕರೆದು ಧೈರ್ಯ ಹೇಳಬೇಕೆಂದು ಮರುಗಿದರು. ಕೊನೆಗೆ ಕಟ್ಟಿ ಸರ್ ಸರದಿ.

"ಇದನ್ನ ಈ ವಾರನ ತೆಗೀಬೇಕು," ಎಂದರು. "ತಡಾ ಮಾಡಿದ್ರ ಕೈ ಮೀರ್ತದ. ಎಷ್ಟು ವಯಸ್ಸು ಪೇಷೆಂಟಿಗೆ?"

"ಆವಾಗ ನಲವತ್ತರ ಹತ್ರ ಸರ್. ಈಗ ಐವತ್ತು ದಾಟೈತಿ. ಅದು ನನ್ನ ತಲಿ."

ಹೊಸ ಚಿತ್ರ ಹಾಕಿದೆ, ಕಳೆದಾಗ ಉಳಿದ ಕಪ್ಪನ್ನೂ ಹಾಕಿದೆ. ಆರೋಗ್ಯವಾದ ಮಿದುಳು ಯಾರೂ ತಂದಿಲ್ಲ ಎಂಬುದನ್ನು ಹೇಳಿದೆ, ಒಂಬತ್ತು ಮಂದಿ ಹೌದೆಂದರೆ ಅದು ಒಬ್ಬರೇ ಒಂಬತ್ತು ಸಲ ಹೌದೆಂದ ಹಾಗೆ ಎಂದು ಹೇಳಿದೆ. ನನ್ನ ದನಿ ಏರಿತ್ತು, ಗೊತ್ತಿತ್ತು, ಇಳಿಸಲಿಲ್ಲ. ಅಫ್ರೀನಳ ಕ್ಯಾಮೆರಾ ಆರಿಹೋಯಿತು. ಅವಳ ಹತ್ತಿ ಮಾರುಕಟ್ಟೆಯ ಮನುಷ್ಯನ ಚಿತ್ರಕ್ಕೆ ಹೌದೆಂದವರೆಲ್ಲ ಅಲ್ಲೇ ಇದ್ದೆವು.

ಕಟ್ಟಿ ಸರ್ ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನಿಂದು ಸುಳ್ಳು ಅಂತ ಒಪ್ಪಿದೆ. ಅಷ್ಟಕ್ಕ ನಿನ್ನ ನಾದಿನಿದೂ ಸುಳ್ಳ ಆಗಬೇಕೇನು ನೀಲಾಂಬಿಕಾ? ಖರೇ ಸಾಬೂದಾನಿ ನಾನು ಕಣ್ಣಾರೆ ಕಂಡೀನಿ. ಕಾದು ನೋಡಿ, ಅದು ಖರೇ ಇದ್ರ?"

ನಾನು ಸಾಬೀತು ಮಾಡಿದ್ದು ಒಂದನ್ನೇ: ಇದ್ದದ್ದು ಇಲ್ಲದ್ದು ನಮಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂಬುದನ್ನು. ಮಹಾನಂದಾಳ ತಲೆಯಲ್ಲಿ ಏನಿದೆ ಎಂಬುದು ಮೊದಲು ಎಷ್ಟು ಗೊತ್ತಿತ್ತೋ ಈಗ ಅಷ್ಟೂ ಗೊತ್ತಿರಲಿಲ್ಲ. ಬುಧವಾರ ಆಪರೇಷನ್ ಇತ್ತು.

ಭಾನುವಾರ ಬೆಳಿಗ್ಗೆ ಅವಳ ಅಡುಗೆಮನೆಗೆ ಹೋದೆ. ನಮ್ಮವರೂ ಬಂದರು. ಮಹಾನಂದಾ ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಮುಚ್ಚುಮರೆಯಿಲ್ಲದೆ. ಕೂಡುನೋಟ, ನನ್ನ ತಲೆಯ ಗೊಂಚಲು, ರಾಯಚೂರಿನ ಮನುಷ್ಯ, ಕಟ್ಟಿ ಸರ್ ಅಂದ ಮಾತು. ಅದು ಗಡ್ಡೆಯೇ ಆಗಿದ್ದರೆ ಕಾಯುವುದೆಂದರೆ ಸಾವನ್ನು ಮನೆಗೆ ಕರೆದ ಹಾಗೆ. ಗಡ್ಡೆಯಲ್ಲದಿದ್ದರೆ ಆಪರೇಷನ್ ಎಂದರೆ ಸುಮ್ಮಸುಮ್ಮನೆ ನಾಲಿಗೆ ಕೊಯ್ದ ಹಾಗೆ. ಮೂರು ತಿಂಗಳು ಬಿಟ್ಟು ಇನ್ನೊಂದು ಚಿತ್ರ ತೆಗೆದರೆ ಮಾತ್ರ ತಿಳಿಯುತ್ತದೆ. ಆ ಹೊತ್ತಿಗೆ ತಡವಾಗಿರಲೂಬಹುದು. ನಮ್ಮವರು ನಡುವೆಯೇ ಸಿಡಿದರು. ಡಾಕ್ಟರು ಅಂದ್ರ ನೀನು, ಹೌದೋ ಅಲ್ಲೋ ಒಂದು ಮಾತು ಹೇಳು, ಎಲ್ಲಾ ಅಕಿ ತಲಿ ಮ್ಯಾಲೆ ಹಾಕಬ್ಯಾಡ ಎಂದರು. ಹೇಳಲು ಬರುತ್ತಿದ್ದರೆ ಹೇಳುತ್ತಿರಲಿಲ್ಲವೇ ಎಂದು ನಾನೂ ಸಿಡಿದೆ. ಮದುವೆಯಾದ ಮೇಲೆ ಅವರ ಮೇಲೆ ಅಷ್ಟು ಜೋರು ಮಾಡಿದ್ದು ಅದೇ ಇರಬೇಕು.

ಮಹಾನಂದಾ ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ನಿಮಗ ಈಗ ನನ್ನ ಚಿತ್ರ ನೋಡಿದ್ರ ಏನ್ ಕಾಣ್ತೈತಿ?"

"ಗಡ್ಡಿ ಕಾಣ್ತೈತಿ."

"ನಿಮ್ಮದು ನೋಡಿದ್ರ?"

"ಅಲ್ಲೂ ಗಡ್ಡಿನ ಕಾಣ್ತೈತಿ."

ಅವಳು ಒಂದು ತಟ್ಟೆ ತೆಗೆದುಕೊಂಡಳು. "ನೀವು ಉಂಡು ತಿಂದು ಗಟ್ಟಿ ಅದೀರಿ. ನಂಗೂ ಏನೂ ಆಗಿಲ್ಲ. ಜಾರಿ ಬಿದ್ದೆ, ಅಷ್ಟ. ಬಿದ್ದಿರಲಿಲ್ಲ ಅಂದ್ರ ನಿಮ್ಮ ಮಷಿನ್ನಿನ ಕಡೆ ನಾ ಹಾಯ್ತಿರಲಿಲ್ಲ." ತಟ್ಟೆಗೆ ಶೇಂಗಾ ಸುರಿದು ನಮ್ಮ ಮುಂದಿಟ್ಟಳು. "ಕಾಯ್ತೀನಿ. ಸಾಯೂದಾದ್ರ ಮಾತಾಡ್ಕೋತನ ಸಾಯ್ತೀನಿ."

ಬುಧವಾರದ ಆಪರೇಷನ್ ರದ್ದಾಯಿತು. ಇದು ತಮ್ಮ ಸಲಹೆಗೆ ವಿರುದ್ಧವೆಂದು ಬರೆಸಿ ಪಾಲನಕರ ಮಹಾನಂದಾಳಿಂದ ಸಹಿ ಮಾಡಿಸಿಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅಲ್ಲಿಂದ ಆ ಮೂರು ತಿಂಗಳು ನಾನು ಬದುಕಿದ್ದು ಹೇಗೋ ಶಿವನೇ ಬಲ್ಲ. ದಿನಾ ಬೆಳಿಗ್ಗೆ ಏನಾದರೊಂದು ನೆಪ ಮಾಡಿಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದೆ, ಅವಳು ಮಾತಾಡುವುದನ್ನು ಕೇಳಲು. ಯಾವ ಶಬ್ದ ತಡವರಿಸಿತು, ಯಾವ ಹೆಸರು ತಪ್ಪಿತು, ನಾಲಿಗೆ ಎಲ್ಲಿ ಹೊರಳಲಿಲ್ಲ ಎಂದು ಕಿವಿ ನಿಮಿರಿಸಿಕೊಂಡು ಕೂರುತ್ತಿದ್ದೆ. ಅವಳ ಮಾತಿನಲ್ಲಿ ಏನು ಹೇಳಿದಳೆಂಬುದು ನನ್ನೊಳಗೆ ಇಳಿಯುತ್ತಲೇ ಇರಲಿಲ್ಲ. ಒಂದು ದಿನ ಸೌಟು ಎನ್ನಲು ಹೋಗಿ ಅವಳಿಗೆ ಶಬ್ದ ಸಿಗಲಿಲ್ಲ. ಕೈ ಗಾಳಿಯಲ್ಲಿ ಆಡಿಸುತ್ತ ಅದು, ಅದು, ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಆಮೇಲೆ ಸೌಟು ಎಂದು ಅವಳೇ ಹೇಳಿ, ಮುಖ ತಿರುಗಿಸಿಕೊಂಡು ಸಾರಿಗೆ ನೀರು ಹೊಯ್ದಳು. ಆ ದಿನ ಆಸ್ಪತ್ರೆಯಲ್ಲಿ ಒಂದು ವರದಿಯನ್ನೂ ನೆಟ್ಟಗೆ ಬರೆಯಲಾಗಲಿಲ್ಲ. ಅವಳೂ ಆ ವಾರ ಗಿರಾಕಿಗಳ ಜೊತೆ ಮಾತು ಕಡಿಮೆ ಮಾಡಿದ್ದಳೆಂದು ರೊಟ್ಟಿ ಬಡಿಯುವವಳು ನನಗೆ ಹೇಳಿದಳು. ಹೆದರಿಕೊಂಡಿದ್ದಳು, ನನ್ನ ಮುಂದೆ ಮಾತ್ರ ತೋರಗೊಡಲಿಲ್ಲ.

ಗುಂಪಿನಲ್ಲಿ ಜಗಳ ನಡೆದೇ ಇತ್ತು. ಕೂಡುನೋಟವನ್ನು ನಿಲ್ಲಿಸಬೇಕೆಂದು ಕೆಲವರು, ಇಷ್ಟು ಜೀವ ಉಳಿಸಿದ್ದನ್ನು ನಿಲ್ಲಿಸುವುದು ಪಾಪವೆಂದು ಕೆಲವರು. ಕಲಿತದ್ದನ್ನು ಅಳಿಸುವ ದಾರಿ ಅದನ್ನು ಮಾಡಿದವರಿಗೂ ಗೊತ್ತಿರಲಿಲ್ಲ. ಇನ್ನು ಮೇಲೆ ಪ್ರತಿ ಶನಿವಾರ ಮೊದಲು ಆರೋಗ್ಯವಂತರ ಚಿತ್ರಗಳನ್ನು ನೋಡುವುದೆಂದು ಗೊತ್ತುಮಾಡಿದೆವು. ನೋಡುತ್ತೇವೆ, ಎಲ್ಲದರಲ್ಲೂ ಏನಾದರೊಂದು ಕಾಣುತ್ತದೆ, ಏನೂ ಇಲ್ಲ ಎಂದು ಒಬ್ಬರಿಗೊಬ್ಬರು ಜೋರಾಗಿ ಹೇಳಿಕೊಳ್ಳುತ್ತೇವೆ. ಅಫ್ರೀನ್ ಸಭೆಗೆ ಬರುವುದನ್ನು ಬಿಟ್ಟಳು. ಹತ್ತಿ ಮಾರುಕಟ್ಟೆಯ ಮನುಷ್ಯನ ಮನೆಗೆ ಹೋಗಿ, ಆದದ್ದನ್ನು ಅವನ ಹೆಂಡತಿಗೆ ಹೇಳಿ ಬಂದಳಂತೆ. ಆ ಹೆಂಗಸು ಏನಂದಳೆಂದು ನಾನು ಕೇಳಲಿಲ್ಲ.

ದಿನ ಬಂತು. ಮಹಾನಂದಾಳನ್ನು ಮತ್ತೆ ಮಷಿನ್ನಿನೊಳಗೆ ಮಲಗಿಸಿದೆ. ಈ ಸಲ ಅವಳು ಒಳಗೆ ತುಟಿಪಿಟಕ್ಕೆನ್ನಲಿಲ್ಲ. ಹೊಸ ಚಿತ್ರ ಬಂತು. ಕಣ್ಣು ಓಡಿಹೋಗಿ ಅಲ್ಲೇ ನಿಂತಿತು. ಮಬ್ಬು ದೊಡ್ಡದಾಗಿದೆ ಎನಿಸಿತು, ಗುಳ್ಳೆಗಳು ಹೆಚ್ಚಾಗಿವೆ ಎನಿಸಿತು. ಹಳೆಯದನ್ನೂ ಹೊಸದನ್ನೂ ಒಂದರ ಮೇಲೊಂದಿಟ್ಟು ಕಳೆಯಲು ಕೊಟ್ಟು ಕಣ್ಣು ಮುಚ್ಚಿಕೊಂಡು ಕೂತೆ. ಕಣ್ಣು ಬಿಟ್ಟಾಗ ಪರದೆಯ ತುಂಬ ಕಪ್ಪು. ಪದರು ಪದರು ಸರಿಸಿದೆ. ಎಲ್ಲೂ ಬಿಳಿಯ ಚುಕ್ಕೆಯಿಲ್ಲ. ಒಂದು ಕೂದಲೆಳೆಯಷ್ಟೂ ಏನೂ ಬೆಳೆದಿರಲಿಲ್ಲ.

ಅವಳು ಆಸ್ಪತ್ರೆಯ ನಿಲುವಂಗಿಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. "ಹೇಳ್ರಿ ವೈನಿ."

"ಏನೂ ಇಲ್ಲ," ಎಂದೆ. ಹೇಳುವಾಗ ಪಕ್ಕದ ಪರದೆಯ ಮೇಲೆ ಅವಳ ಚಿತ್ರವಿತ್ತು, ನನ್ನ ಕಣ್ಣು ಅದೇ ಜಾಗದಲ್ಲಿ ನಿಂತಿತ್ತು. ಕಣ್ಣಿಗೆ ಕಂಡದ್ದಕ್ಕೆ ವಿರುದ್ಧವಾಗಿ ನಾನು ಯಾವತ್ತೂ ವರದಿ ಕೊಟ್ಟವಳಲ್ಲ. ಕಣ್ಣಲ್ಲಿ ನೀರು ಬಂತು.

"ಏನೂ ಇಲ್ಲಂದ್ರ ಯಾಕ ಅಳ್ತೀರಿ?"

"ನನಗ ಇನ್ನೂ ಅದು ಕಾಣ್ತೈತವಾ. ಆದ್ರ ಅದು ಇಲ್ಲ."

ಅವಳು ನನ್ನನ್ನೂ ಪರದೆಯನ್ನೂ ನೋಡಿದಳು. ಅವಳಿಗೆ ನಗು ಬಂತು. "ಹಂಗಾದ್ರ ತೋರಿಸಬೇಕಾಗಿದ್ದು ನಿಮ್ಮ ತಲಿ ವೈನಿ, ನಂದಲ್ಲ," ಎಂದಳು. ಅಲ್ಲಿಂದ ಶುರುವಾಯಿತು ನೋಡಿ. ಸೀರೆ ಉಡುವಾಗ ಮಾತು, ಲಿಫ್ಟಿನಲ್ಲಿ ಮಾತು, ಕೆಳಗೆ ಕಾಯುತ್ತಿದ್ದ ಅಣ್ಣನನ್ನು ಕಂಡ ಮೇಲಂತೂ ಕೇಳಲೇಬೇಡಿ. ಮೂರು ತಿಂಗಳು ಅಳೆದು ತೂಗಿ ಆಡದೆ ಉಳಿಸಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಆಡಿ ಮುಗಿಸುವವಳ ಹಾಗಿದ್ದಳು. ಇಬ್ಬರನ್ನೂ ಆಟೋ ಹತ್ತಿಸಿ ನಾನು ಮೇಲೆ ಬಂದೆ.

ಕೂತು ಮುಂದಿನ ಚಿತ್ರ ತೆಗೆದೆ. ಶಿರಹಟ್ಟಿಯ ಬಸ್ ಕಂಡಕ್ಟರ್, ಫಕೀರಪ್ಪ ಎಂದು ಹೆಸರು, ತಲೆಸುತ್ತೆಂದು ಬಂದವನು. ಎಡಗಡೆ ಕಣ್ಣು ನಿಂತಿತು. ಸಣ್ಣ ಗುಳ್ಳೆಗಳು, ಸುತ್ತ ಮಬ್ಬು. ಇದು ನನ್ನದರ ಹಾಗೋ, ಕಟ್ಟಿ ಸರ್ ಕಣ್ಣಾರೆ ಕಂಡ ಖರೇ ಗಡ್ಡೆಯೋ? ಎಷ್ಟು ನೋಡಿದರೂ ತಿಳಿಯಲಿಲ್ಲ. ಇವನ ಹಳೆಯ ಚಿತ್ರ ಎಲ್ಲೂ ಇರಲಾರದು. ಮಹಾನಂದಾಳಿಗೆ ಈ ಕುರ್ಚಿಯಲ್ಲಿ ವೈನಿ ಕೂತಿದ್ದಳು. ಇವನಿಗೆ ಯಾರಿದ್ದಾರೆ?

ಎದ್ದು ಹೊರಗೆ ಹೋದೆ. ಬೆಂಚಿನ ಮೇಲೆ ಏಳೆಂಟು ಮಂದಿ ಸಾಲಾಗಿ ಕೂತಿದ್ದರು. ಇಷ್ಟು ವರ್ಷ ತಲೆಯೊಳಗನ್ನು ನೋಡಿದವಳು ನಾನು, ಆ ಜನರ ಮುಖ ನೋಡಿದ್ದು ಕಡಿಮೆ. ಫಕೀರಪ್ಪ ಯಾರು ಎಂದು ಕೇಳಿದೆ. ಖಾಕಿ ಅಂಗಿಯ ಒಬ್ಬ ಮನುಷ್ಯ ಗಡಬಡಿಸಿ ಎದ್ದ.

"ನಾನರಿ. ಏನರ ಐತೇನ್ರಿ ಮೇಡಂ?"

"ನನಗ ಗೊತ್ತಿಲ್ಲಪಾ," ಎಂದೆ. ಪಕ್ಕದವರು ಜರುಗಿ ಜಾಗ ಮಾಡಿಕೊಟ್ಟರು. ನಾನು ಅವನ ಬದಿಗೆ ಕೂತೆ.